ಮೊದಲು ಎದುರಿನವರ ಮಾತು: ಕ್ಯಾಥೊಲಿಕ್ ಶಾಲೆಯಲ್ಲಿ ಆಡುವುದನ್ನೂ ಆಲಿಸುವುದನ್ನೂ ಕಲಿಸುವ ಬಗೆ

(ಶಿವಮೊಗ್ಗ ಹಾಗೂ ಸುತ್ತಲಿನ ತಾಲ್ಲೂಕುಗಳ ಕ್ಯಾಥೊಲಿಕ್ ಶಾಲೆಗಳ ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭೆಯ ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಅವುಗಳಿಗೆ ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸಿದೆ.)

ಗುರುಗಳೇ, ಸಿಸ್ಟರ್‌ಗಳೇ, ಶಿಕ್ಷಕ ಮಿತ್ರರೇ,

ನಮ್ಮ ಶಾಲೆಗಳ ಮಕ್ಕಳು ಚೆನ್ನಾಗಿ ಮಾತನಾಡುತ್ತಾರೆ ಎಂಬ ಹೆಸರು ಊರಿನಲ್ಲಿದೆ. ಪ್ರತಿಭಾ ಕಾರಂಜಿಯ ಕಂಠಪಾಠ, ಭಾಷಣ, ಚರ್ಚಾಸ್ಪರ್ಧೆಗಳಲ್ಲಿ ಬಂದ ಬಹುಮಾನಗಳನ್ನು ನೋಡಿದರೆ ಆ ಹೆಸರು ಸುಳ್ಳೇನಲ್ಲ. ಆದರೆ ಆ ಭಾಷಣಗಳು ಹೇಗೆ ತಯಾರಾಗುತ್ತವೆ ಎಂಬುದು ಇಲ್ಲಿ ಕುಳಿತಿರುವ ನಮಗೆಲ್ಲ ಗೊತ್ತು. ಶಿಕ್ಷಕರು ಬರೆದುಕೊಡುತ್ತಾರೆ, ಮನೆಯಲ್ಲಿ ತಾಯಿ ಒಪ್ಪಿಸಿಕೊಳ್ಳುತ್ತಾರೆ, ಮಗು ವೇದಿಕೆ ಹತ್ತಿ ‘ಮಾನ್ಯ ಅಧ್ಯಕ್ಷರೇ, ತೀರ್ಪುಗಾರರೇ’ ಎಂದು ಆರಂಭಿಸಿ ‘ಇಷ್ಟು ಹೇಳಿ ನನ್ನ ಮಾತಿಗೆ ವಿರಾಮ ಕೊಡುತ್ತೇನೆ’ ಎನ್ನುವವರೆಗೆ ಒಂದೇ ಉಸಿರಿನಲ್ಲಿ ಹೇಳಿ ಇಳಿಯುತ್ತದೆ. ಚರ್ಚಾಸ್ಪರ್ಧೆಯಲ್ಲಂತೂ ವಿಷಯದ ಪರವಾಗಿ ಮಾತನಾಡಿದವರ ವಾದವನ್ನು ವಿರೋಧವಾಗಿ ಮಾತನಾಡುವವರು ಕೇಳಿಸಿಕೊಂಡಿರುವುದೇ ಇಲ್ಲ. ಆ ಹೊತ್ತಿನಲ್ಲಿ ಅವರು ತಮ್ಮ ಚೀಟಿಯನ್ನು ಮನಸ್ಸಿನಲ್ಲಿ ಓದಿಕೊಳ್ಳುತ್ತಿರುತ್ತಾರೆ. ಹೀಗೆ ಒಂದರ ಬೆನ್ನಿಗೆ ಒಂದು ನಡೆದ ಏಕಪಾತ್ರಾಭಿನಯಗಳಿಗೆ ನಾವು ಚರ್ಚೆ ಎಂದು ಹೆಸರಿಟ್ಟು ಪ್ರಮಾಣಪತ್ರ ಕೊಡುತ್ತೇವೆ.

ಇನ್ನು ಆಲಿಸುವುದರ ವಿಷಯ. ಶಾಲೆಗೆ ಬಂದ ಅತಿಥಿಗಳು ‘ನಿಮ್ಮ ಮಕ್ಕಳು ಎಷ್ಟು ಶಿಸ್ತಾಗಿ ಕೂರುತ್ತಾರೆ’ ಎಂದು ಮೆಚ್ಚಿ ಹೋಗುತ್ತಾರೆ, ನಮಗೂ ಹಿತವಾಗುತ್ತದೆ. ಕೈಕಟ್ಟಿ ಕುಳಿತ ಮಗು ಕೇಳಿಸಿಕೊಳ್ಳುತ್ತಿದೆಯೋ, ಅಥವಾ ಬರೀ ಕೈಕಟ್ಟಿ ಕುಳಿತಿದೆಯೋ ಎಂಬುದನ್ನು ಆ ಅತಿಥಿಗಳು ಪರೀಕ್ಷಿಸುವುದಿಲ್ಲ, ನಾವೂ ಪರೀಕ್ಷಿಸುವುದಿಲ್ಲ.

ಈ ಹೊತ್ತು ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ಮಾತನಾಡುವುದನ್ನೂ ಆಲಿಸುವುದನ್ನೂ ಎರಡು ಬೇರೆ ಕೌಶಲಗಳೆಂದು ಬಗೆದು ಕಲಿಸಹೊರಟರೆ ಮೊದಲನೆಯದು ಒಪ್ಪಿಸುವುದಾಗಿಯೂ ಎರಡನೆಯದು ಬಾಯಿ ಮುಚ್ಚಿ ಕೂರುವುದಾಗಿಯೂ ಉಳಿಯುತ್ತದೆ. ಎರಡನ್ನೂ ಒಂದೇ ಅಭ್ಯಾಸದೊಳಗೆ ತರುವ ನಿಯಮವೊಂದು ಬೇಕು, ಮತ್ತು ಆ ನಿಯಮ ಕ್ಯಾಥೊಲಿಕ್ ಧರ್ಮಸಭೆಯ ವಿದ್ಯಾಪರಂಪರೆಯಲ್ಲೂ ಈ ಮಲೆನಾಡಿನ ಊರುಗಳಲ್ಲೂ ಆಗಲೇ ಇದೆ. ಎದುರಿನವರು ಹೇಳಿದ್ದನ್ನು, ಅವರು ‘ಹೌದು, ನಾನು ಹೇಳಿದ್ದು ಅದೇ’ ಎಂದು ಒಪ್ಪುವಂತೆ, ನಮ್ಮ ಮಾತಿನಲ್ಲಿ ಮರುನುಡಿದ ಮೇಲೆಯೇ ನಮ್ಮ ಉತ್ತರವನ್ನು ಹೇಳಬೇಕು. ಇಷ್ಟೇ ಆ ನಿಯಮ.

ಅದಕ್ಕೆ ಹೋಗುವ ಮೊದಲು ತರಗತಿಯ ಲೆಕ್ಕವನ್ನು ಸ್ವಲ್ಪ ನೋಡೋಣ. ತರಗತಿಯ ಮಾತುಕತೆಯನ್ನು ವ್ಯವಸ್ಥಿತವಾಗಿ ಅಳೆದವರಲ್ಲಿ ಅಮೆರಿಕದ ನೆಡ್ ಫ್ಲ್ಯಾಂಡರ್ಸ್ ಅವರ ಹೆಸರನ್ನು ಬಿ.ಎಡ್. ಓದಿದವರೆಲ್ಲ ಕೇಳಿರುತ್ತಾರೆ. ತರಗತಿಯ ಸಮಯದ ಮೂರರಲ್ಲಿ ಎರಡು ಪಾಲು ಯಾರಾದರೊಬ್ಬರು ಮಾತನಾಡುತ್ತಿರುತ್ತಾರೆ, ಆ ಮಾತಿನ ಮೂರರಲ್ಲಿ ಎರಡು ಪಾಲು ಶಿಕ್ಷಕರದೇ ಆಗಿರುತ್ತದೆ ಎಂಬುದು ಅವರು ಕಂಡುಕೊಂಡ ಸ್ಥೂಲ ಪ್ರಮಾಣ. ಇದನ್ನು ನಮ್ಮ 40 ನಿಮಿಷದ ಒಂದು ಪೀರಿಯಡ್‌ಗೆ ಅನ್ವಯಿಸಿದರೆ ಮಕ್ಕಳ ಪಾಲಿಗೆ ಉಳಿಯುವುದು ಒಂಬತ್ತು ನಿಮಿಷವೂ ತುಂಬದಷ್ಟು ಹೊತ್ತು. 45 ಮಕ್ಕಳಿರುವ ತರಗತಿಯಲ್ಲಿ ಅದನ್ನು ಸಮನಾಗಿ ಹಂಚಿದರೆ ತಲೆಗೆ 12 ಸೆಕೆಂಡು. ಸಮನಾಗಿ ಹಂಚಿಕೆಯಾಗುವುದಿಲ್ಲ ಎಂಬುದೂ ನಮಗೆ ಗೊತ್ತಿದೆ. ಮುಂದಿನ ಬೆಂಚಿನ ನಾಲ್ಕು ಮಕ್ಕಳು ಆ ಒಂಬತ್ತು ನಿಮಿಷವನ್ನು ತಮ್ಮದಾಗಿಸಿಕೊಳ್ಳುತ್ತಾರೆ, ಉಳಿದವರು ಇಡೀ ವರ್ಷ ‘ಪ್ರೆಸೆಂಟ್ ಸರ್’ ಎಂಬುದನ್ನು ಬಿಟ್ಟು ಬೇರೇನನ್ನೂ ಆಡದೆ ಮೇಲಿನ ತರಗತಿಗೆ ಹೋಗುತ್ತಾರೆ.

ಅಮೆರಿಕದವರೇ ಆದ ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣತಜ್ಞೆ 1970ರ ದಶಕದಲ್ಲಿ ಪ್ರಕಟಿಸಿದ ಕೆಲಸ ಇದಕ್ಕಿಂತ ಉಪಯುಕ್ತವಾದದ್ದು ಎಂದು ನನ್ನ ಎಣಿಕೆ. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಾರೆ, ಉತ್ತರ ಬಂದ ಮೇಲೂ ಅಷ್ಟೇ ಅವಸರದಲ್ಲಿ ‘ಸರಿ’, ‘ತಪ್ಪು’ ಎಂದು ಮುಂದಕ್ಕೆ ಹೋಗುತ್ತಾರೆ ಎಂದು ಧ್ವನಿಮುದ್ರಿಕೆಗಳನ್ನು ಕೇಳಿ ಅವರು ತೋರಿಸಿದರು. ಎರಡೂ ಕಡೆ ಮೂರು ಸೆಕೆಂಡು ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಕಾದಾಗ ಮಕ್ಕಳ ಉತ್ತರಗಳು ಉದ್ದವಾದವು, ಉತ್ತರವೇ ಬಾರದ ಸಂದರ್ಭಗಳು ಕಡಿಮೆಯಾದವು, ದಡ್ಡರೆಂದು ಎಣಿಸಿದ್ದ ಮಕ್ಕಳೂ ಮಾತಿಗೆ ಬಂದರು, ಮಕ್ಕಳೇ ಪ್ರಶ್ನೆ ಕೇಳುವುದು ಹೆಚ್ಚಿತು. ಇದಕ್ಕೆ ಹಣ ಬೇಡ, ಉಪಕರಣ ಬೇಡ, ಇಲಾಖೆಯ ಸುತ್ತೋಲೆಯೂ ಬೇಡ. ಆದರೂ ಮೂರು ಸೆಕೆಂಡು ಸುಮ್ಮನಿರುವುದು ನಮ್ಮಂಥವರಿಗೆ ಬಹಳ ಕಷ್ಟ. ಶಿಲುಬೆಯ ಗುರುತು ಮಾಡಿಕೊಳ್ಳಲು ಹಿಡಿಯುವಷ್ಟು ಹೊತ್ತು ಎಂದು ಮನಸ್ಸಿನಲ್ಲಿಟ್ಟುಕೊಂಡರೆ ಅಳತೆ ತಪ್ಪುವುದಿಲ್ಲ. ಕ್ರೈಸ್ತರಲ್ಲದ ಶಿಕ್ಷಕರು ತಮಗೆ ಹಿತವಾದ ಬೇರೆ ಅಳತೆಯನ್ನು ಹುಡುಕಿಕೊಳ್ಳಲಿ.

ಈಗ ನಿಯಮಕ್ಕೆ ಬರೋಣ. ಹದಿಮೂರನೆಯ ಶತಮಾನದ ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಪಾಠವೆಂದರೆ ಎರಡು ಬಗೆ: ಗ್ರಂಥವನ್ನು ಓದಿ ವಿವರಿಸುವುದು ಒಂದು, ಸಾರ್ವಜನಿಕವಾಗಿ ವಾದ ನಡೆಸುವುದು ಇನ್ನೊಂದು. ಆ ವಾದದ ಮರ್ಯಾದೆಯೆಂದರೆ ಆಕ್ಷೇಪವನ್ನು ಕೇಳಿಸಿಕೊಂಡವನು ಅದನ್ನು ಮೊದಲು ತಾನೇ ಮತ್ತೆ ಹೇಳಿ, ಅದರಲ್ಲಿ ಯಾವುದನ್ನು ಒಪ್ಪುತ್ತೇನೆ, ಯಾವುದನ್ನು ಒಪ್ಪುವುದಿಲ್ಲ, ಯಾವುದನ್ನು ಎರಡಾಗಿ ಬಿಡಿಸಿ ನೋಡಬೇಕು ಎಂದು ಉತ್ತರಿಸಬೇಕಿತ್ತು. ಅಲ್ಲಿ ಕಲಿತು ಅಲ್ಲೇ ಕಲಿಸಿದ ಸಂತ ಥಾಮಸ್ ಅಕ್ವಿನಾಸರ ಬರವಣಿಗೆಯ ಕ್ರಮವೂ ಇದೇ. ಪ್ರತಿಯೊಂದು ಪ್ರಶ್ನೆಯಲ್ಲೂ ತಮಗೆ ವಿರುದ್ಧವಾದ ವಾದಗಳನ್ನು ಅವರು ಮೊದಲು ಇಡುತ್ತಾರೆ, ತಮ್ಮ ನಿಲುವನ್ನು ಅನಂತರ ಹೇಳುತ್ತಾರೆ, ಕೊನೆಗೆ ಒಂದೊಂದು ಆಕ್ಷೇಪಕ್ಕೂ ಬಿಡಿಬಿಡಿಯಾಗಿ ಸಮಾಧಾನ ಕೊಡುತ್ತಾರೆ. ವಿರುದ್ಧವಾದವನ್ನು ದುರ್ಬಲಗೊಳಿಸಿ ಹೇಳುವ ಚಾಳಿ ಅವರಿಗಿಲ್ಲ. ಎಷ್ಟೋ ಸಲ ವಿರೋಧಿಯೇ ಹೇಳಿದ್ದಕ್ಕಿಂತ ಗಟ್ಟಿಯಾಗಿ ಅದನ್ನು ಹೇಳಿರುತ್ತಾರೆ. 1880ರಲ್ಲಿ ಪೋಪ್ ಹದಿಮೂರನೆಯ ಲಿಯೊ ಅವರು ಈ ಸಂತರನ್ನು ಕ್ಯಾಥೊಲಿಕ್ ಶಾಲೆ ಮತ್ತು ವಿಶ್ವವಿದ್ಯಾಲಯಗಳ ಪಾಲಕರೆಂದು ಘೋಷಿಸಿದರು. ಜನವರಿ 28ರಂದು ನಾವು ಅವರ ಹಬ್ಬದ ದಿನ ಪ್ರಾರ್ಥನೆ ಮಾಡಿ ಸಿಹಿ ಹಂಚುತ್ತೇವೆ. ಅವರು ವಾದಿಸುತ್ತಿದ್ದ ಬಗೆಯನ್ನು ಮಕ್ಕಳಿಗೆ ಹಂಚಿದ್ದನ್ನು ನಾನು ಕಂಡಿಲ್ಲ. ಯೇಸುಸಭೆಯವರು, ಅಂದರೆ ಜೆಸುಯಿಟ್ ಗುರುಗಳು, 1599ರಲ್ಲಿ ತಮ್ಮ ಶಾಲೆಗಳಿಗಾಗಿ ರೂಪಿಸಿದ ಪಠ್ಯಕ್ರಮದಲ್ಲಿಯೂ ಮರುಪಠಣ, ವಾದ, ಭಾಷಣ ಇವು ಮೂರೂ ಇದ್ದವು. ಅವುಗಳ ಪೈಕಿ ಭಾಷಣವನ್ನು ಮಾತ್ರ ಇಟ್ಟುಕೊಂಡು ವಾದವನ್ನು ನಾವು ಎಲ್ಲೋ ದಾರಿಯಲ್ಲಿ ಬಿಟ್ಟೆವು.

ಇದೆಲ್ಲ ದೂರದ ಯುರೋಪಿನ ಮಾತಾಯಿತು ಎಂದು ಯಾರಿಗಾದರೂ ಅನ್ನಿಸಿದರೆ, ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಗೆ ಮಳೆಗಾಲದಲ್ಲಿ ಒಮ್ಮೆ ಹೋಗಿಬನ್ನಿ. ಯಕ್ಷಗಾನ ಮೇಳಗಳ ತಿರುಗಾಟ ನಿಂತ ಆ ತಿಂಗಳುಗಳಲ್ಲಿ ಮನೆಯ ಜಗಲಿಯಲ್ಲೋ ದೇವಸ್ಥಾನದ ಚಂದ್ರಶಾಲೆಯಲ್ಲೋ ತಾಳಮದ್ದಲೆ ನಡೆಯುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿಗಳು ಕುಳಿತಲ್ಲೇ ಆಶುವಾಗಿ ಅರ್ಥ ಹೇಳುತ್ತಾರೆ. ಕೃಷ್ಣಸಂಧಾನದಲ್ಲಿ ಕೃಷ್ಣನ ಅರ್ಥ ಹೇಳುವವರು ಮನೆಯಿಂದ ಏನನ್ನೇ ಸಿದ್ಧಪಡಿಸಿಕೊಂಡು ಬಂದಿರಲಿ, ಎದುರಿಗೆ ಕುಳಿತ ಕೌರವ ಎತ್ತಿದ ಮಾತನ್ನು ಹಿಡಿದು ‘ನೀನು ಹೀಗೆಂದೆಯಲ್ಲ’ ಎಂದು ಅದಕ್ಕೇ ಉತ್ತರಿಸದೆ ಹೋದರೆ ಸಭೆಯಲ್ಲಿ ಕುಳಿತ ಹಿರಿಯರು ಎಲೆಯಡಿಕೆಯ ತಟ್ಟೆಯ ಕಡೆಗೆ ಕೈಹಾಕುತ್ತಾರೆ. ಮಲೆನಾಡಿನ ಸಭಿಕರು ಅರ್ಥಧಾರಿಯ ಬಾಯಿಗಿಂತ ಮೊದಲು ಕಿವಿಯನ್ನು ಪರೀಕ್ಷಿಸುತ್ತಾರೆ. ನಮ್ಮ ತರಗತಿಗಳಲ್ಲಿರುವ ಎಷ್ಟೋ ಮಕ್ಕಳು ಅಜ್ಜನ ಪಕ್ಕದಲ್ಲಿ ಕುಳಿತು ಇದನ್ನು ಕೇಳಿಯೇ ಬೆಳೆದವರು. ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವನ್ನು, ಅಂದರೆ ಎದುರಿನವರ ವಾದವನ್ನು, ನಿಷ್ಠೆಯಿಂದ ಮಂಡಿಸಿದ ಮೇಲೆಯೇ ಸಿದ್ಧಾಂತವನ್ನು ಹೇಳುವ ಪದ್ಧತಿಯೂ ಇದಕ್ಕೆ ಹತ್ತಿರದ್ದೇ.

ತರಗತಿಯಲ್ಲಿ ಇದು ಹೇಗಿರುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಮೂರು ಮೂರು ಮಕ್ಕಳ ಗುಂಪು. ಒಬ್ಬರು ಹೇಳುವವರು, ಒಬ್ಬರು ಮರುನುಡಿಯುವವರು, ಮೂರನೆಯವರು ನಿಯಮವನ್ನು ಕಾಯುವವರು. ವಿಷಯ, ಊರಿನ ಮಂಗಗಳನ್ನು ಏನು ಮಾಡಬೇಕು ಎಂಬುದು. ಪಠ್ಯಪುಸ್ತಕದಿಂದ ತೆಗೆದ ವಿಷಯವಾದರೆ ಮಕ್ಕಳು ಪಠ್ಯಪುಸ್ತಕದ ಮಾತನ್ನೇ ಆಡುತ್ತಾರೆ. ಮಂಗಗಳ ವಿಷಯದಲ್ಲಿ ಮಲೆನಾಡಿನ ಪ್ರತಿಯೊಂದು ಮಗುವಿಗೂ ಸ್ವಂತ ಅಭಿಪ್ರಾಯವಿದೆ. ಆರನೇ ತರಗತಿಯ ಒಂದು ಗುಂಪಿನಲ್ಲಿ ನಡೆದ ಮಾತು ಹೀಗಿತ್ತು.

‘ಮಂಗಗಳನ್ನ ಹಿಡಿದು ದೂರದ ಕಾಡಿಗೆ ಬಿಡಬೇಕು. ನಮ್ಮನೆ ತೋಟದಲ್ಲಿ ಬಾಳೆಗೊನೆ ಒಂದೂ ಉಳೀತಿಲ್ಲ’ ಎಂದ ಹುಡುಗ.

‘ಮಂಗಗಳನ್ನ ಓಡಿಸಬೇಕು ಅಂತ ನೀನು ಹೇಳಿದೆ’ ಎಂದಳು ಹುಡುಗಿ.

‘ಓಡ್ಸೋದಲ್ಲ. ಓಡ್ಸಿದ್ರೆ ಪಕ್ಕದ ತೋಟಕ್ಕೆ ಹೋಗ್ತಾವೆ, ಅವರು ಓಡ್ಸಿದ್ರೆ ಮತ್ತೆ ನಮ್ಮಲ್ಲಿಗೆ ಬರ್ತಾವೆ. ಹಿಡಿದು ಬಿಡಬೇಕು ಅಂದೆ.’

‘ಸರಿ. ಓಡ್ಸಿದ್ರೆ ಪಕ್ಕದ ತೋಟಕ್ಕೆ ಹೋಗಿ ತಿರುಗಿ ಬರ್ತಾವೆ, ಅದಕ್ಕೆ ಹಿಡಿದು ದೂರ ಬಿಡಬೇಕು ಅಂದೆ.’

‘ಹೌದು, ಅದೇ.’

‘ಹಂಗಾದ್ರೆ ಆ ದೂರದ ಕಾಡಿನ ಪಕ್ಕದಲ್ಲೂ ಯಾರದಾದ್ರೂ ತೋಟ ಇರತ್ತಲ್ಲ?’

ಈ ಐದಾರು ಸಾಲುಗಳಲ್ಲಿ ಆದದ್ದನ್ನು ಗಮನಿಸಿ. ಹುಡುಗಿ ಮೊದಲು ಕೇಳಿಸಿಕೊಂಡದ್ದು ಅರ್ಧ. ಮರುನುಡಿಯಬೇಕಾದ್ದರಿಂದ ಆ ಅರ್ಧ ಬೆಳಕಿಗೆ ಬಂತು. ಅದನ್ನು ತಿದ್ದಹೋದ ಹುಡುಗ ತಾನು ಮೊದಲು ಹೇಳದೇ ಇದ್ದ ಕಾರಣವನ್ನು ಹೇಳಬೇಕಾಯಿತು. ಅವನ ಮಾತು ಸ್ಪಷ್ಟವಾಯಿತು. ಆ ಕಾರಣವನ್ನು ತನ್ನ ಬಾಯಲ್ಲಿ ಹೇಳಿದ ಹುಡುಗಿಗೆ ಅದರೊಳಗಿನ ತೊಡಕು ಕಾಣಿಸಿತು, ಅವಳ ಪ್ರಶ್ನೆ ಅಲ್ಲಿಂದಲೇ ಹುಟ್ಟಿತು. ಈ ಪ್ರಶ್ನೆಯನ್ನು ಯಾವ ಶಿಕ್ಷಕರೂ ಅವಳಿಗೆ ಬರೆದುಕೊಟ್ಟಿರಲಿಲ್ಲ. ಇಲ್ಲಿ ಮಾತು ಎಲ್ಲಿ ಮುಗಿಯಿತು, ಆಲಿಸುವುದು ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯುವುದು ಕಷ್ಟ.

ಇನ್ನೊಂದು ಬಗೆಯ ಮಾತಿದೆ. ಅದು ವಾದವಲ್ಲ, ಕೆಲಸವೊಂದನ್ನು ವಿವರಿಸಿ ಹೇಳಿಕೊಡುವುದು. ನಮ್ಮ ಶಾಲೆಗಳಲ್ಲಿ ಇದಕ್ಕೆ ಬಹುಮಾನವಿಲ್ಲ, ಆದ್ದರಿಂದ ಅಭ್ಯಾಸವೂ ಇಲ್ಲ. ತರಗತಿಯಲ್ಲಿ ಬಾಯಿಯೇ ಬಿಡದ ಒಬ್ಬ ಹುಡುಗನಿದ್ದ. ಅಪ್ಪ ಅಡಿಕೆ ತೋಟಗಳಲ್ಲಿ ಔಷಧಿ ಹೊಡೆಯುವ ಕೆಲಸ ಮಾಡುವವರು. ಕೊಳೆರೋಗಕ್ಕೆ ಮಳೆಗಾಲದ ಮೊದಲು ಹೊಡೆಯುವ ಬೋರ್ಡೋ ದ್ರಾವಣವನ್ನು ಹೇಗೆ ಮಾಡುತ್ತಾರೆ ಎಂದು ಅವನು ಹೇಳಬೇಕು, ಇನ್ನೊಬ್ಬ ಹುಡುಗ ಎರಡು ಖಾಲಿ ಬಕೆಟ್ ಇಟ್ಟುಕೊಂಡು ಅವನು ಹೇಳಿದ್ದನ್ನು ಮಾತ್ರ, ಹೇಳಿದಷ್ಟನ್ನು ಮಾತ್ರ ಮಾಡಿ ತೋರಿಸಬೇಕು ಎಂದು ಗೊತ್ತುಮಾಡಿದೆವು. ‘ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು ನೂರು ಲೀಟರ್, ಎಲ್ಲ ಸೇರ್ಸೋದು’ ಎಂದ. ಬಕೆಟ್ ಹಿಡಿದವನು ಎಲ್ಲವನ್ನೂ ಒಂದೇ ಬಕೆಟ್ಟಿಗೆ ಸುರಿಯುವ ಅಭಿನಯ ಮಾಡಿದ. ‘ಅಯ್ಯೋ, ಹಂಗಲ್ಲ’ ಎಂದು ಹೇಳುವವನು ಎದ್ದೇ ನಿಂತ. ‘ಬೇರೆ ಬೇರೆ ಕರಗಿಸ್ಬೇಕು. ತುತ್ತದ ನೀರನ್ನ ಸುಣ್ಣದ ನೀರಿಗೆ ಹುಯ್ಯಬೇಕು, ಉಲ್ಟಾ ಹುಯ್ಯಂಗಿಲ್ಲ. ಹುಯ್ತಾ ಕೋಲಲ್ಲಿ ತಿರುಗಿಸ್ತಾನೇ ಇರ್ಬೇಕು. ಆಮೇಲೆ ಕತ್ತಿ ಅದ್ದಿ ನೋಡ್ತಾರೆ. ಕತ್ತಿ ಮೇಲೆ ಕೆಂಪಗೆ ಹಿಡಿದ್ರೆ ಸುಣ್ಣ ಸಾಕಾಗಿಲ್ಲ ಅಂತ.’ ಅವನು ಅಷ್ಟು ಉದ್ದ ಮಾತನಾಡಿದ್ದನ್ನು ತರಗತಿ ಕೇಳಿದ್ದು ಆಗಲೇ. ವಿಜ್ಞಾನದ ಶಿಕ್ಷಕಿ ಅಲ್ಲೇ ಇದ್ದರು. ಮೈಲುತುತ್ತದ ತಾಮ್ರ ಕಬ್ಬಿಣದ ಮೇಲೆ ಕೂರುವ ಪಾಠಕ್ಕೆ ಅವರು ಮುಂದೆ ಅವನ ಕತ್ತಿಯನ್ನೇ ಉದಾಹರಣೆಯಾಗಿ ಬಳಸಿಕೊಂಡರು.

ಆ ಹುಡುಗ ಅದನ್ನು ಹೇಳಿದ್ದು ಪಠ್ಯದ ಕನ್ನಡದಲ್ಲಲ್ಲ, ಇಂಗ್ಲಿಷಿನಲ್ಲಿ ಅಲ್ಲವೇ ಅಲ್ಲ. ಈ ಮಾತು ಕೆಲವರಿಗೆ ಇರುಸುಮುರುಸಾಗಬಹುದು, ಆದರೂ ಹೇಳುತ್ತೇನೆ. ಕೆಲವು ಶಾಲೆಗಳಲ್ಲಿ ಆವರಣದೊಳಗೆ ಇಂಗ್ಲಿಷನ್ನೇ ಆಡಬೇಕು, ತಪ್ಪಿದರೆ ದಂಡ ಎಂಬ ಕಟ್ಟಳೆ ಇದೆ. ಇದರ ಫಲವಾಗಿ ಮಕ್ಕಳು ಇಂಗ್ಲಿಷ್ ಆಡುತ್ತಾರೆ ಎಂದು ನಾವು ಭಾವಿಸಿದ್ದೇವೆ. ಮಕ್ಕಳು ಶಿಕ್ಷಕರು ಹತ್ತಿರ ಬಂದಾಗ ಮಾತು ನಿಲ್ಲಿಸುತ್ತಾರೆ, ಅಷ್ಟೇ. ನಮ್ಮ ತರಗತಿಗಳಲ್ಲಿ ಘಟ್ಟದ ಕೆಳಗಿನಿಂದ ಹಿಂದಿನ ತಲೆಮಾರುಗಳಲ್ಲಿ ಬಂದು ನೆಲೆಸಿದ ಕುಟುಂಬಗಳ ಕೊಂಕಣಿ ಇದೆ, ಭದ್ರಾವತಿಯ ಕಾರ್ಖಾನೆಗಳ ಕೆಲಸಕ್ಕೆ ಬಂದವರ ತಮಿಳಿದೆ, ಕೇರಳದಿಂದ ಬಂದು ಇಲ್ಲಿ ಬೇಸಾಯ ಹಿಡಿದವರ ಮಲಯಾಳಂ ಇದೆ. ಆ ಸಮುದಾಯದ ಸಿರೋ-ಮಲಬಾರ್ (ಕೇರಳ ಮೂಲದ ಕ್ಯಾಥೊಲಿಕ್ ಪಂಗಡ) ವಿಶ್ವಾಸಿಗಳಿಗಾಗಿ 2007ರಲ್ಲಿ ಭದ್ರಾವತಿಯಲ್ಲಿ ಪ್ರತ್ಯೇಕ ಧರ್ಮಕ್ಷೇತ್ರವೇ, ಅಂದರೆ ಬಿಷಪರ ಆಡಳಿತ ಪ್ರದೇಶವೇ, ಸ್ಥಾಪನೆಯಾಯಿತು. ಉರ್ದು, ಲಂಬಾಣಿ, ತುಳು, ಹವ್ಯಕ ಕನ್ನಡ, ದೀವರ ಕನ್ನಡ ಎಲ್ಲವೂ ಇವೆ. ಇಷ್ಟು ಸಂಪತ್ತನ್ನು ಗೇಟಿನ ಹೊರಗೆ ನಿಲ್ಲಿಸಿ ಬಂದ ಮಗುವಿನ ಬಳಿ ಆಡಲು ಉಳಿಯುವುದು ‘ಮೇ ಐ ಗೋ ಔಟ್ ಮಿಸ್’ ಎಂಬುದೊಂದೇ.

ಈ ವಿಷಯದಲ್ಲಿ ಧರ್ಮಸಭೆಯ ಅನುಭವವೇ ನಮಗೆ ದಾರಿ ತೋರಿಸಬೇಕು. 1960ರ ದಶಕದವರೆಗೆ ನಮ್ಮ ದೇವಾಲಯಗಳಲ್ಲಿ ಬಲಿಪೂಜೆ, ಅಂದರೆ ಚರ್ಚಿನ ಮಾಸ್ ಆರಾಧನೆ, ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಹಿರಿಯರು ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡಿದ್ದರು, ಭಕ್ತಿಯಿಂದಲೇ ಹೇಳುತ್ತಿದ್ದರು, ಆದರೆ ಬೈಬಲ್ ವಾಚನದಲ್ಲಿ ಏನು ಓದಲಾಯಿತು ಎಂಬುದು ಅವರ ಕಿವಿಗೆ ಬಿದ್ದರೂ ಮನಸ್ಸಿಗೆ ಮುಟ್ಟುತ್ತಿರಲಿಲ್ಲ. ಜಗತ್ತಿನ ಕ್ಯಾಥೊಲಿಕ್ ಬಿಷಪರು ಸೇರಿದ ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಪ್ರಕಟಿಸಿದ ಆರಾಧನಾ ವಿಧಿಯ ಸಂವಿಧಾನದಲ್ಲಿ ಜನರು ಪೂರ್ಣವಾಗಿ, ಅರಿವಿನಿಂದ, ಸಕ್ರಿಯವಾಗಿ ಪಾಲ್ಗೊಳ್ಳಬೇಕು ಎಂದು ಹೇಳಿ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಆ ಮೂರು ಮಾತುಗಳನ್ನು ನಮ್ಮ ತರಗತಿಯ ಬಾಗಿಲಿಗೆ ಬರೆದು ಹಾಕಿದರೂ ತಪ್ಪಿಲ್ಲ. ಪೂಜೆಯನ್ನೇ ಜನರ ಮಾತಿಗೆ ತಂದ ಧರ್ಮಸಭೆಯ ಶಾಲೆಯಲ್ಲಿ ಒಂದನೇ ತರಗತಿಯ ಮಕ್ಕಳು ಅರ್ಥವಾಗದ ಇಂಗ್ಲಿಷ್ ಪ್ರಾರ್ಥನೆಯನ್ನು ರಾಗವಾಗಿ ಎಳೆಯುತ್ತಿದ್ದಾರೆಂದರೆ ನಾವು ಹಿಂದಕ್ಕೆ ನಡೆದಿದ್ದೇವೆ. ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ತಂದೆತಾಯಿಗಳು ಅದಕ್ಕಾಗಿಯೇ ನಮ್ಮಲ್ಲಿಗೆ ಬರುತ್ತಾರೆ, ಅವರ ಆಸೆ ನ್ಯಾಯವಾದದ್ದು. ತನ್ನ ಮಾತಿನಲ್ಲಿ ಒಂದು ವಿಷಯವನ್ನು ಆದಿಯಿಂದ ಅಂತ್ಯದವರೆಗೆ ವಿವರಿಸಬಲ್ಲ ಮಗುವಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳುವುದನ್ನು ಕಲಿಸಬಹುದು. ಯಾವ ಮಾತಿನಲ್ಲೂ ವಿವರಿಸಿ ಗೊತ್ತಿಲ್ಲದ ಮಗುವಿಗೆ ನಾವು ಕಲಿಸುವುದು ಉಚ್ಚಾರಣೆಯನ್ನು ಮಾತ್ರ.

ಆಲಿಸುವುದಕ್ಕೆ ಮನಸ್ಸಿನ ಜೊತೆಗೆ ಕಿವಿಯೂ ಬೇಕು ಎಂಬುದನ್ನು ನಾವು ಮರೆಯುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಸೂರಿನ ಕೆಳಗೆ ಪಾಠ ಮಾಡಿದವರಿಗೆ ಗೊತ್ತು, ಮಳೆ ಜೋರಾದಾಗ ಮೂರನೆಯ ಬೆಂಚಿನಿಂದ ಹಿಂದಕ್ಕೆ ಏನೂ ಕೇಳುವುದಿಲ್ಲ. ಆಗ ಕೂಗಿ ಪಾಠ ಮಾಡಿ ಗಂಟಲು ಕೆಡಿಸಿಕೊಳ್ಳುವ ಬದಲು ಬೆಂಚುಗಳನ್ನು ಹತ್ತಿರ ಎಳೆದು ಮೂವರ ಗುಂಪಿನ ಕೆಲಸ ಕೊಡುವುದು ಲೇಸು. ಮಳೆಗಾಲದ ನೆಗಡಿ ಕಿವಿಗೆ ಇಳಿದು ಕಿವಿ ಸೋರುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅವರನ್ನು ‘ಗಮನ ಕೊಡುವುದಿಲ್ಲ’ ಎಂದು ಬೈದು ಹಿಂದಕ್ಕೆ ಕೂರಿಸುವುದನ್ನು ನಾನು ಕಂಡಿದ್ದೇನೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳ ಶ್ರವಣದೋಷದ ತಪಾಸಣೆಯೂ ಸೇರಿದೆ. ಅದರ ವೈದ್ಯರ ತಂಡ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬರುತ್ತದೆ. ಅನುದಾನರಹಿತ ಶಾಲೆಗಳವರು ಊರಿನ ವೈದ್ಯರನ್ನು ವರ್ಷಕ್ಕೊಮ್ಮೆ ಕರೆಸುವುದು ದೊಡ್ಡ ಖರ್ಚಿನ ಬಾಬತ್ತೇನಲ್ಲ.

ಕೇಳುವ ಅಭ್ಯಾಸಕ್ಕೆ ಇಲ್ಲೇ ಹತ್ತಿರದಲ್ಲಿ ಒಳ್ಳೆಯ ಸಾಮಗ್ರಿ ಇದೆ. ತುಂಗಾ ತೀರದ ಹೊಸಹಳ್ಳಿಯ ಗಮಕವನ್ನು ನಾಡು ಬಲ್ಲದು; ಅಲ್ಲಿಯ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಒಬ್ಬರು ಕುಮಾರವ್ಯಾಸನ ಷಟ್ಪದಿಯನ್ನು ವಾಚಿಸುತ್ತಾರೆ, ಇನ್ನೊಬ್ಬರು ಅದನ್ನು ಕೇಳಿ ವ್ಯಾಖ್ಯಾನಿಸುತ್ತಾರೆ. ಗಮಕಿಗಳನ್ನು ಶಾಲೆಗೆ ಕರೆಸಿದ ದಿನ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ ಚಪ್ಪಾಳೆ ತಟ್ಟಿಸಿ ಕಳುಹಿಸುವ ಬದಲು, ಒಂದೊಂದು ಪದ್ಯದ ವಾಚನವಾದ ಮೇಲೆ ವ್ಯಾಖ್ಯಾನಕಾರರು ತುಸು ಕಾದು ಮಕ್ಕಳಿಂದಲೇ ‘ಏನು ಕೇಳಿಸಿತು’ ಎಂದು ಹೇಳಿಸಬಹುದು. ಆಕಾಶವಾಣಿ ಭದ್ರಾವತಿಯ ಒಂದು ಕಾರ್ಯಕ್ರಮವನ್ನು ಕೇಳಿಸಿ, ಟಿಪ್ಪಣಿ ಮಾಡಿಕೊಂಡು ನಾಲ್ವರು ಕೂಡಿ ಅದನ್ನು ಮತ್ತೆ ಕಟ್ಟಿ ಹೇಳುವಂತೆ ಮಾಡಬಹುದು. ಉಕ್ತಲೇಖನದಲ್ಲಿ ಕಿವಿ ಪದವನ್ನು ಹಿಡಿಯುತ್ತದೆ, ಇದರಲ್ಲಿ ಅರ್ಥವನ್ನು ಹಿಡಿಯಬೇಕಾಗುತ್ತದೆ.

ಧಾರ್ಮಿಕ ಚಟುವಟಿಕೆಗಳ ಬಗ್ಗೆ ಒಂದೇ ಮಾತು. ಕ್ಯಾಥೊಲಿಕ್ ಮಕ್ಕಳಿಗೆ ಬಲಿಪೂಜೆಯಲ್ಲಿ ವಾಚನ ಓದುವುದು, ವಿಶ್ವಾಸಿಗಳ ಪ್ರಾರ್ಥನೆಯನ್ನು ತಾವೇ ರಚಿಸಿ ಹೇಳುವುದು ಒಳ್ಳೆಯ ಅಭ್ಯಾಸ. ಹಿಂದಿನ ದಿನವೇ ಓದಿ, ಎಲ್ಲಿ ನಿಲ್ಲಿಸಬೇಕು ಎಂದು ಗುರುತು ಮಾಡಿಕೊಂಡು ಬರುವಂತೆ ಅವರಿಗೆ ಹೇಳಬೇಕು. ಆದರೆ ನಮ್ಮ ಶಾಲೆಗಳಲ್ಲಿ ಬೇರೆ ಧರ್ಮದ ಮಕ್ಕಳೇ ಹೆಚ್ಚು, ಮತ್ತು ಮನ್ನಣೆ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಯಲ್ಲಿ ಅಥವಾ ಆರಾಧನೆಯಲ್ಲಿ ಪಾಲ್ಗೊಳ್ಳುವಂತೆ ಮಾಡಬಾರದೆಂದು ಸಂವಿಧಾನದ 28(3)ನೇ ವಿಧಿ ಹೇಳುತ್ತದೆ. ಮಾತಿನ ತರಬೇತಿ ದೇವಾಲಯದೊಳಗೆ ಮಾತ್ರ ಸಿಗುವಂತಾದರೆ ಬಹುಪಾಲು ಮಕ್ಕಳು ಅದರಿಂದ ಹೊರಗುಳಿಯುತ್ತಾರೆ.

ಆದರೂ ಬೈಬಲಿನ ಒಂದು ಕಥೆಯನ್ನು ಇಲ್ಲಿ ಶಿಕ್ಷಕರಿಗೆಂದೇ ನೆನಪಿಸುತ್ತೇನೆ. ಆಲಿಸುವ ವಿಷಯ ಬಂದಾಗಲೆಲ್ಲ ಪ್ರಬೋಧನೆಯಲ್ಲಿ ಬಾಲಕ ಸಮುವೇಲನ ಕಥೆ ಬರುತ್ತದೆ. ರಾತ್ರಿ ದೇವರು ಅವನನ್ನು ಕರೆಯುತ್ತಾರೆ, ಹುಡುಗ ಏಲಿ ಯಾಜಕರ ಬಳಿ ಓಡುತ್ತಾನೆ, ‘ನಾನು ಕರೆಯಲಿಲ್ಲ, ಹೋಗಿ ಮಲಗು’ ಎನ್ನುತ್ತಾರೆ ಅವರು. ಮೂರನೆಯ ಸಲ ಬಂದಾಗ ಏಲಿಗೆ ಹೊಳೆಯುತ್ತದೆ, ಹೇಗೆ ಉತ್ತರ ಕೊಡಬೇಕೆಂದು ಕಲಿಸಿ ಕಳುಹಿಸುತ್ತಾರೆ. ನಾವು ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಸಮುವೇಲನ ವಿಧೇಯತೆಯನ್ನು ಹೊಗಳುತ್ತೇವೆ. ಅದರ ಮುಂದಿನ ಭಾಗವೇ ಶಿಕ್ಷಕರಿಗೆ ಮುಖ್ಯವಾದದ್ದು. ಹುಡುಗ ಆ ರಾತ್ರಿ ಕೇಳಿದ ಸಂದೇಶ ಏಲಿಯ ಮನೆತನಕ್ಕೇ ವಿರುದ್ಧವಾದದ್ದು, ಏಲಿಯ ಮಕ್ಕಳ ದುರಾಚಾರಕ್ಕೂ ಅದನ್ನು ತಡೆಯದ ಏಲಿಗೂ ಬರಲಿರುವ ಶಿಕ್ಷೆಯನ್ನು ಹೇಳುವಂಥದ್ದು. ಬೆಳಗ್ಗೆ ಹುಡುಗನಿಗೆ ಬಾಯಿ ಬಿಡಲು ಹೆದರಿಕೆ. ಏಲಿಯೇ ಅವನನ್ನು ಕರೆದು ಒಂದನ್ನೂ ಮುಚ್ಚಿಡದೆ ಹೇಳೆಂದು ಒತ್ತಾಯಿಸುತ್ತಾರೆ; ಹುಡುಗ ಎಲ್ಲವನ್ನೂ ಹೇಳಿದ ಮೇಲೆ ಅವನನ್ನು ಬೈಯುವುದಿಲ್ಲ. ಏಲಿಯ ತಪ್ಪುಗಳು ಏನೇ ಇರಲಿ, ತನಗೆ ಅಹಿತವಾದ ಮಾತನ್ನು ಒಬ್ಬ ಹುಡುಗನಿಂದ ಪೂರ್ತಿಯಾಗಿ ಕೇಳಿಸಿಕೊಂಡ ಗುರು ಅವರು.

ಈ ಸಾಮರ್ಥ್ಯ ನಮಗಿದೆಯೇ ಎಂಬುದು ಭಾಷಾ ಕೌಶಲಕ್ಕಿಂತ ದೊಡ್ಡ ಪ್ರಶ್ನೆ. ಹಾಸ್ಟೆಲಿನಲ್ಲೋ, ಬಸ್ಸಿನಲ್ಲೋ, ಮನೆಯಲ್ಲೋ, ನಮ್ಮದೇ ಆವರಣದಲ್ಲೋ ಮಗುವಿಗೆ ತೊಂದರೆಯಾದರೆ ಅದು ಯಾರಿಗಾದರೂ ಹೇಳಬೇಕು, ಹೇಳಲು ಮಾತು ಬೇಕು, ಕೇಳಿಸಿಕೊಳ್ಳುವವರಿದ್ದಾರೆಂಬ ನಂಬಿಕೆ ಬೇಕು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು; ತಿಳಿಸದಿರುವುದು ಅಪರಾಧ. ಮಕ್ಕಳ ಸಹಾಯವಾಣಿ 1098 ಎಂದು ನಾವು ಗೋಡೆಯ ಮೇಲೆ ಬರೆಸುತ್ತೇವೆ. ಆದರೆ ಶಿಕ್ಷಕರ ಮುಂದೆ ‘ಸರ್, ನೀವು ನಿನ್ನೆ ಹೇಳಿದ್ದು ನನಗೆ ಬೇಸರವಾಯಿತು’ ಎಂದು ಹೇಳಲು ಆಗದ ಮಗು ಆ ಸಂಖ್ಯೆಗೆ ಕರೆ ಮಾಡುತ್ತದೆಂದು ನಂಬುವುದು ಹೇಗೆ? ಆದ್ದರಿಂದ ಮರುನುಡಿಯುವ ನಿಯಮ ಶಿಕ್ಷಕರಿಗೂ ಅನ್ವಯಿಸಬೇಕು. ದೂರು ಹೇಳಲು ಬಂದ ಮಗುವಿಗೆ ತಕ್ಷಣ ಬುದ್ಧಿ ಹೇಳದೆ, ಅದು ಹೇಳಿದ್ದನ್ನು ಮೊದಲು ನಾವೇ ಹೇಳಿ ‘ಸರಿಯಾಗಿ ಕೇಳಿಸಿಕೊಂಡೆನಾ?’ ಎಂದು ಕೇಳಬೇಕು. ಸಿಬ್ಬಂದಿ ಸಭೆಯಲ್ಲಿ ಮುಖ್ಯೋಪಾಧ್ಯಾಯರೂ ಇದನ್ನು ಪಾಲಿಸಿದರೆ ಇನ್ನೂ ಒಳ್ಳೆಯದು. ಸಂತ ಬೆನೆಡಿಕ್ಟರು ಆರನೆಯ ಶತಮಾನದಲ್ಲಿ ತಮ್ಮ ಮಠದ ನಿಯಮಾವಳಿಯಲ್ಲಿ, ಮುಖ್ಯ ವಿಷಯವಿದ್ದಾಗ ಮಠಾಧಿಪತಿ ಎಲ್ಲರನ್ನೂ ಕರೆದು ಕೇಳಬೇಕು, ಏಕೆಂದರೆ ಉತ್ತಮವಾದದ್ದನ್ನು ದೇವರು ಎಷ್ಟೋ ಸಲ ಕಿರಿಯನಿಗೆ ತೋರಿಸುತ್ತಾರೆ ಎಂದು ಬರೆದಿದ್ದಾರೆ. ನಮ್ಮ ಸಿಬ್ಬಂದಿ ಸಭೆಗಳಲ್ಲಿ ಈ ವರ್ಷ ಸೇರಿದ ಶಿಕ್ಷಕಿಯ ಅಭಿಪ್ರಾಯವನ್ನು ಯಾರು ಕೇಳುತ್ತಾರೆ ಎಂಬುದನ್ನು ನಿಮಗೇ ಬಿಡುತ್ತೇನೆ.

ಸಭೆಯಲ್ಲಿ ಬಂದ ಮೊದಲ ಪ್ರಶ್ನೆ, ಎಸ್‌ಎಸ್‌ಎಲ್‌ಸಿಯ 625 ಅಂಕಗಳಲ್ಲಿ ಬಾಯಿಮಾತಿನ ಪರೀಕ್ಷೆಯೇ ಇಲ್ಲದಿರುವಾಗ ಇದಕ್ಕೆ ಸಮಯವನ್ನು ಎಲ್ಲಿಂದ ತರುವುದು ಎಂಬುದು. ಪ್ರಥಮ ಭಾಷೆಗೆ 25, ಉಳಿದ ವಿಷಯಗಳಿಗೆ 20 ಆಂತರಿಕ ಅಂಕಗಳಿವೆ. ಅವುಗಳಿಗಾಗಿ ನಾವು ಸದ್ಯ ಮಾಡಿಸುತ್ತಿರುವುದು ಇಂಟರ್‌ನೆಟ್ಟಿನಿಂದ ಇಳಿಸಿದ ಪ್ರಾಜೆಕ್ಟುಗಳನ್ನು, ಅದನ್ನು ನಾವೂ ಓದುವುದಿಲ್ಲ. ಅವುಗಳ ಪೈಕಿ ಒಂದರ ಜಾಗದಲ್ಲಿ ಮೂವರ ಗುಂಪಿನ ಮಾತನ್ನು ಇಡಿ; ಅಂಕವನ್ನು ಹೇಳುವವರಿಗೆ ಕೊಡುವಷ್ಟೇ ಮರುನುಡಿಯುವವರಿಗೂ ಕೊಡಿ. ಮಕ್ಕಳಿಗೆ ಅಂಕ ಎಲ್ಲಿದೆ ಎಂಬುದು ಬಹಳ ಬೇಗ ಗೊತ್ತಾಗುತ್ತದೆ.

ಎರಡನೆಯ ಪ್ರಶ್ನೆ ಗದ್ದಲದ್ದು. ಐವತ್ತು ಮಕ್ಕಳು ಒಟ್ಟಿಗೆ ಮಾತನಾಡಿದರೆ ಪಕ್ಕದ ತರಗತಿಯವರು ಬಂದು ಜಗಳವಾಡುತ್ತಾರೆ ಎಂದು ಒಬ್ಬ ಸಿಸ್ಟರ್ ಹೇಳಿದರು. ನಿಜ, ಗದ್ದಲವಾಗುತ್ತದೆ. ಮೊದಲ ಕೆಲವು ವಾರ ಹೆಚ್ಚು, ಆಮೇಲೆ ಕಡಿಮೆ. ಏಕೆಂದರೆ ಎದುರಿನವರ ಮಾತನ್ನು ಹೇಳಬೇಕಾದವರು ಅದನ್ನು ಕೇಳಿಸಿಕೊಳ್ಳಲು ತಾವಾಗಿಯೇ ದನಿ ತಗ್ಗಿಸುತ್ತಾರೆ, ಪಕ್ಕದ ಗುಂಪಿಗೂ ಮೆಲ್ಲಗೆ ಎನ್ನುತ್ತಾರೆ. ಹತ್ತನೇ ತರಗತಿಯಿಂದ ಆರಂಭಿಸಬೇಡಿ, ಅವರಿಗೆ ಪರೀಕ್ಷೆಯ ಭಯ, ನಿಮಗೂ ಭಯ. ಆರನೇ ತರಗತಿಯಿಂದ ಆರಂಭಿಸಿ, ಶನಿವಾರದ ಕೊನೆಯ ಪೀರಿಯಡ್ ಇಟ್ಟುಕೊಳ್ಳಿ, ಗಾಳಿಮಳೆ ಇಲ್ಲದ ದಿನ ಮೈದಾನದ ಮರಗಳ ಕೆಳಗೆ ಗುಂಪುಗಳನ್ನು ಚದುರಿಸಿ ಕೂರಿಸಿ, ಮತ್ತು ಕಾರಿಡಾರಿನಲ್ಲಿ ಸುತ್ತು ಬರುವ ಮುಖ್ಯೋಪಾಧ್ಯಾಯರಿಗೆ ವಿಷಯವನ್ನು ಹಿಂದಿನ ದಿನವೇ ಹೇಳಿಡಿ.